ಸ್ಟೇರಿಂಗ್ ಅದುರ್ತಿದ್ರೆ ಪಾರ್ಟ್ ಬದಲಿಸುವ ಮೊದಲು ಟಯರಿನ ಒಳಬದಿಗೆ ಕೈ ಹಾಕಿ ನೋಡಿ

15,300 ರೂಪಾಯಿ ನೀರಲ್ಲಿ ಹೋಮ ಮಾಡಿದ ಕಥೆ ಇದು. ದುಡ್ಡು ಹೋದದ್ದು ಒಂದು ಬೇಜಾರು. ಎರಡು ತಿಂಗಳು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಯಾವ ಟಯರಿನ ಮೇಲೆ 90ರಲ್ಲಿ ಓಡಿಸಿದೆ ಅಂತ ನೆನೆಸಿದರೆ ಈಗಲೂ ಮೈ ಜುಂ ಅನ್ನುತ್ತದೆ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ವಾರಕ್ಕೆ ಎರಡು ಸಲವಾದರೂ ಸೀತಾಂಗೋಳಿ, ಕುಂಬಳೆ ದಾರಿಯಾಗಿ ಮಂಗಳೂರಿಗೆ ಹೋಗಬೇಕು. ಮೊದಲೆಲ್ಲ ಆ ಹೈವೇಯಲ್ಲಿ 60 ದಾಟಿದರೆ ಅದೇ ದೊಡ್ಡದು. ತಲಪಾಡಿಯಿಂದ ಚೆಂಗಳದವರೆಗೆ ಆರು ಲೇನ್ ಆದ ಮೇಲೆ ಕಾಲು ತಾನಾಗಿ ಒತ್ತಿಕೊಳ್ಳುತ್ತದೆ, ಅಲ್ವಾ. ಹಾಗೆ ಒಂದು ದಿನ ಉಪ್ಪಳ ದಾಟಿ 82-83 ಬಂದಾಗ ಸ್ಟೇರಿಂಗ್ ಸಣ್ಣಗೆ ನಡುಗಲು ಶುರುವಾಯಿತು. 90ಕ್ಕೆ ಅಂಗೈ ಜೋಮು ಹಿಡಿಯುವಷ್ಟು. 70ಕ್ಕೆ ಇಳಿಸಿದರೆ ಏನೂ ಇಲ್ಲ, ಬೆಣ್ಣೆ ಹಾಗೆ ಹೋಗುತ್ತದೆ.

ಇದಕ್ಕೆ ಒಂದು ವಾರ ಮೊದಲು ಮಳೆಯಲ್ಲಿ ಬಂದ್ಯೋಡಿನ ಸರ್ವಿಸ್ ರಸ್ತೆಯಲ್ಲಿ ನೀರು ತುಂಬಿದ ಹೊಂಡಕ್ಕೆ ಎಡದ ಚಕ್ರ ಧಡ್ ಅಂತ ಬಿದ್ದಿತ್ತು. ಇಳಿದು ನೋಡಿದ್ದೆ. ಹೊರಗಿನಿಂದ ಎಲ್ಲ ಸರಿ ಇತ್ತು, ಗಾಳಿಯೂ ಇಳಿದಿರಲಿಲ್ಲ. ಮರೆತೇಬಿಟ್ಟೆ. ವರ್ಕ್‌ಶಾಪಿನಲ್ಲೂ ಹೇಳಲಿಲ್ಲ. ಇದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ.

ವರ್ಕ್‌ಶಾಪಿನ ಹೆಸರು ಬೇಡ. ಮೊದಲ ದಿನ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿ ಮಾಡುವುದು), ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಮಾಡುವುದು) ಎರಡೂ ಮಾಡಿಸಿ ಅಂದರು, 1,100 ರೂಪಾಯಿ. ಬ್ಯಾಲೆನ್ಸಿಂಗ್ ಸರಿ, ಅದನ್ನೇ ಮೊದಲು ನೋಡಬೇಕು. ಚಕ್ರದ ಒಂದು ಕಡೆ ಬರೀ 30 ಗ್ರಾಂ ಜಾಸ್ತಿ ಇದ್ದರೂ 90ರ ವೇಗದಲ್ಲಿ ಅದು ಹೆಚ್ಚುಕಡಿಮೆ 4 ಕೆಜಿ ತೂಕದಷ್ಟು ಎಳೆಯುತ್ತದೆ, ಅದೂ ಸೆಕೆಂಡಿಗೆ 13-14 ಸಲ. ವೇಗ ಅರ್ಧಕ್ಕೆ ಇಳಿದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ, ಅದಕ್ಕೇ ಊರೊಳಗೆ ಓಡಿಸುವಾಗ ಗೊತ್ತೇ ಆಗುವುದಿಲ್ಲ. ಆದರೆ ಅಲೈನ್‌ಮೆಂಟಿಗೂ ಅದುರುವುದಕ್ಕೂ ನೇರ ಸಂಬಂಧ ಇಲ್ಲ. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಟಯರ್ ಒಂದೇ ಕಡೆ ಸವೆಯುತ್ತದೆ, ಅಷ್ಟೇ.

ತೂಕ ಸಮ ಮಾಡಲು ಎಡದ ಮುಂದಿನ ಚಕ್ರಕ್ಕೆ 85 ಗ್ರಾಂ ಸೀಸ ಹೊಡೆದರು. ಆಗಲೇ ನಮಗೆ ಅನುಮಾನ ಬರಬೇಕಿತ್ತು ಮಾರಾಯ್ರೇ, ಉಳಿದ ಮೂರಕ್ಕೆ 10, 15, 20 ಗ್ರಾಂ ಸಾಕಾಗಿರುವಾಗ ಇದೊಂದಕ್ಕೆ ಯಾಕೆ ಅಷ್ಟು? ಮೆಶಿನಿನಲ್ಲಿ ಸೊನ್ನೆ ಬಂತು, ಹುಡುಗ 'ಓಕೆ ಸರ್' ಅಂದ, ನಾನು ದುಡ್ಡು ಕೊಟ್ಟು ಬಂದೆ.

ಕುಂಬಳೆ ದಾಟುವಾಗ ಮತ್ತೆ ಅದೇ ನಡುಕ.

ಎರಡನೇ ಸಲ ಬ್ರೇಕಿನ ಡಿಸ್ಕ್ ಹೋಗಿದೆ ಅಂದರು. ಡಿಸ್ಕ್, ಪ್ಯಾಡ್ ಸೇರಿ 7,800. ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಡಿಸ್ಕ್ ಅನ್ನಬಹುದು. ನನ್ನದು ಬ್ರೇಕ್ ಮುಟ್ಟದೆ ಅದುರುತ್ತಿತ್ತು, ಒತ್ತಿದರೂ ಹೆಚ್ಚಾಗುತ್ತಿರಲಿಲ್ಲ. ಇದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಳೆ ಡಿಸ್ಕ್ ಕೊಡಿ ಅಂದರೆ ಗುಜರಿಗೆ ಹೋಯಿತಂತೆ. ಮೂರನೇ ಸಲ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್, ತಿರುಗಿಸುವ ಟೈ ರಾಡ್ ಎಂಡ್, 6,400. ಬದಲಿಸಿದ ಮೇಲೆ ಚೂರು ಕಡಿಮೆ ಆದ ಹಾಗೆ ಅನಿಸಿತು, ದುಡ್ಡು ಕೊಟ್ಟ ಮೇಲೆ ಎಲ್ಲರಿಗೂ ಹಾಗೇ ಅನಿಸುವುದು. ನಾಲ್ಕನೇ ಸಲ, ಸ್ಟೇರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಸ್ಟೇರಿಂಗ್ ರ‍್ಯಾಕ್, 24,000 ಆಗಬಹುದು ಅಂದಾಗ ಮಾತ್ರ ಯೋಚಿಸಿ ಹೇಳುತ್ತೇನೆ ಅಂತ ಗಾಡಿ ಎತ್ತಿಕೊಂಡು ಬಂದೆ.

ಉಪ್ಪಳದಲ್ಲಿ ಭಾವನ ಮನೆಗೆ ಹೋಗಿದ್ದಾಗ ಹಿಂದಿನ ಟಯರಿನಲ್ಲಿ ಗಾಳಿ ಕಡಿಮೆ ಇತ್ತು. ಅಲ್ಲೇ ಇರುವ ಪಂಕ್ಚರ್ ಅಂಗಡಿಗೆ ಕೊಂಡುಹೋದೆ. ಅರವತ್ತು ದಾಟಿದ ಬ್ಯಾರಿ ಕಾಕ. ಸುಮ್ನೆ ಮಾತಿಗೆ ಸ್ಟೇರಿಂಗಿನ ಕಥೆ ಹೇಳಿದೆ. ಅವರು ಕೇಳಿದ್ದು ಮೂರೇ ಪ್ರಶ್ನೆ. ಅದುರುವುದು ಸ್ಟೇರಿಂಗಾ, ಸೀಟಾ? ಬ್ರೇಕ್ ಹಾಕುವಾಗಲಾ, ಯಾವಾಗಲೂನಾ? ಹತ್ತು-ಇಪ್ಪತ್ತರಲ್ಲಿ ಮೆಲ್ಲ ಹೋಗುವಾಗ ಸ್ಟೇರಿಂಗ್ ಎಡಕ್ಕೆ ಬಲಕ್ಕೆ ಚೂರು ಆಡುತ್ತದಾ?

ಮೂರನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲೇ ಕಾಂಕ್ರೀಟು ಅಂಗಳದಲ್ಲಿ ಒಂದು ಸುತ್ತು ಹೊಡೆಯಿರಿ, ಸ್ಟೇರಿಂಗ್ ಬಿಗಿ ಹಿಡಿಯಬೇಡಿ, ಎರಡು ಬೆರಳು ಸಾಕು ಅಂದರು. ಆಡುತ್ತಿತ್ತು! ಚಕ್ರ ಒಂದು ಸುತ್ತು ಬರುವಾಗ ಒಂದು ಸಲ, ಯಾರೋ ಮೆಲ್ಲಗೆ ತಳ್ಳಿದ ಹಾಗೆ. ಅಷ್ಟು ದಿನ ರಸ್ತೆಯದ್ದು ಅಂದುಕೊಂಡಿದ್ದೆ.

ಕಾಕ ಜಾಕಿ ಕೊಟ್ಟು ಎಡದ ಚಕ್ರ ಎತ್ತಿದರು. ಒಂದು ಸ್ಕ್ರೂ ಡ್ರೈವರನ್ನು ಇಟ್ಟಿಗೆಯ ಮೇಲೆ ಊರಿ, ತುದಿ ಟಯರಿಗೆ ತಾಗಿಯೂ ತಾಗದ ಹಾಗೆ ಹಿಡಿದು, ಚಕ್ರ ತಿರುಗಿಸಿದರು. ನಡುವಿನ ಸಂದು ಒಂದೇ ಸಮ ಇರಬೇಕು. ಒಂದು ಜಾಗದಲ್ಲಿ ಟಯರ್ ಬಂದು ಟಕ್ ಅಂತ ಸ್ಕ್ರೂ ಡ್ರೈವರಿಗೆ ತಾಗಿತು, ಮತ್ತೆ ದೂರ ಹೋಯಿತು. ಪ್ರತಿ ಸುತ್ತಿಗೂ ಅದೇ ಜಾಗ. ಚಕ್ರ ಬಿಚ್ಚಿ 'ಕೈ ಹಾಕಿ ನೋಡಿ' ಅಂದರು. ಒಳಬದಿಯಲ್ಲಿ, ಕಾರಿನಡಿಗೆ ಹೋಗುವ ಕಡೆ, ಹಲಸಿನ ಬೇಳೆಯಷ್ಟು ದೊಡ್ಡ ಗಂಟು ಕೈಗೆ ಸಿಕ್ಕಿತು. ಹೊಂಡಕ್ಕೆ ಬಿದ್ದಾಗ ಒಳಗಿನ ನೂಲು ತುಂಡಾಗಿತ್ತು. ಆಮೇಲೆ ಗಾಳಿ ತಡೆದುಕೊಂಡಿದ್ದದ್ದು ಬರೀ ರಬ್ಬರು. ಅದು ಯಾವಾಗ ಬೇಕಾದರೂ ಒಡೆಯುವ ಟಯರ್.

ಹಾಗಾದರೆ ಮೆಶಿನಿನಲ್ಲಿ ಸೊನ್ನೆ ಬಂದದ್ದು ಹೇಗೆ? ಅದು ಸುಳ್ಳು ಹೇಳಲಿಲ್ಲ. ಅಂಥ ಮೆಶಿನ್ ತೂಕ ನೋಡುತ್ತದೆ, ಗುಂಡಗೆ ಇದೆಯಾ ಅಂತ ನೋಡುವುದಿಲ್ಲ. ಗಂಟಿರುವ ಟಯರಿಗೂ ಎದುರು ಬದಿಗೆ ಸೀಸ ಹೊಡೆದು ತೂಕ ಸರಿ ಮಾಡಬಹುದು, ರಸ್ತೆಗೆ ಇಳಿದರೆ ಅದು ಕುಂಟಿಯೇ ಕುಂಟುತ್ತದೆ.

ಸ್ಟೆಪ್ನಿ ಹಾಕಿಕೊಂಡು ತಲಪಾಡಿವರೆಗೆ ಓಡಿಸಿದೆ. 90ರಲ್ಲಿ ಸ್ಟೇರಿಂಗ್ ಕಲ್ಲಿನ ಹಾಗೆ. ನನ್ನದು ಉಳಿದ ಚಕ್ರಗಳದ್ದೇ ಅಳತೆಯ ಸ್ಟೆಪ್ನಿ, ಅದಕ್ಕೆ ಹಾಗೆ ಓಡಿಸಿದೆ. ಕೆಲವು ಗಾಡಿಗೆ ಸಪೂರದ ಸ್ಟೆಪ್ನಿ ಇರುತ್ತದೆ, ಅದರ ಮೇಲೆ 80 ಅಂತ ಬರೆದಿರುತ್ತದೆ, ಅದರಲ್ಲಿ ಈ ಸಾಹಸ ಬೇಡ. ಅಂಥವರು ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನದ್ದು ಮುಂದಕ್ಕೆ ಹಾಕಿಸಿ ನೋಡಿ. ಆದರೆ ಗಂಟು ಇಲ್ಲ ಅಂತ ಖಾತ್ರಿ ಆದ ಮೇಲೆ ಮಾತ್ರ. ನಡುಕ ಸ್ಟೇರಿಂಗಿನಿಂದ ಸೀಟಿಗೆ ಬಂದರೆ ತೊಂದರೆ ಚಕ್ರದ್ದೇ, ರ‍್ಯಾಕಿನದ್ದಲ್ಲ. ರಿಮ್ ಡೊಂಕಾಗಿರಬಹುದು, ಟಯರ್ ಹೋಗಿರಬಹುದು, ಒಮ್ಮೊಮ್ಮೆ ರಿಮ್ಮಿನ ಒಳಗೆ ಕೆಸರು ಒಣಗಿ ಅಂಟಿಕೊಂಡಿದ್ದರೂ ಸಾಕು. ನಮ್ಮ ಕಡೆ ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಓಡಾಡುವವರಿಗೆ ಇದು ಹೊಸತಲ್ಲ. ಎಕ್ಸಲರೇಟರ್ ಒತ್ತಿದಾಗ ಮಾತ್ರ ಅದುರಿದರೆ ಅದು ಆಕ್ಸಲ್ ಕಡೆಯ ಕೇಸು, ಬೇರೆಯೇ.

ಟಯರಿನ ಪಕ್ಕದಲ್ಲಿ ಬರೆದಿರುವ ನಂಬರಿನ ಕೊನೆಗೆ 1219 ಅಂತ ಇತ್ತು, ಅಂದರೆ 2019ರ 12ನೇ ವಾರದ್ದು. ಹೇಗೂ ಬದಲಿಸುವ ಕಾಲ ಬಂದಿತ್ತು. ಮುಂದಕ್ಕೆ ಎರಡು ಹೊಸತು ಹಾಕಿಸಿದೆ, 9,600. ಚಕ್ರ ಬಿಚ್ಚಿ ಹಾಕಿಸಿದರೆ ಐವತ್ತು-ನೂರು ಕಿಲೋಮೀಟರ್ ಆದ ಮೇಲೆ ನಟ್ಟು ಇನ್ನೊಮ್ಮೆ ಬಿಗಿ ಮಾಡಿಸಿ ಅಂತ ಕಾಕ ಎರಡು ಸಲ ಹೇಳಿದರು.

ಅಷ್ಟೆಲ್ಲ ನೋಡಿದ್ದಕ್ಕೆ ಅವರು ತೆಗೆದುಕೊಂಡದ್ದು 150 ರೂಪಾಯಿ. ಹಳೆ ಟಯರ್ ಅಲ್ಲೇ ಬಿಟ್ಟು ಹೊರಟಿದ್ದೆ. ಸ್ವಲ್ಪ ನಿಲ್ಲಿ ಅಂದರು. ಹ್ಯಾಕ್ಸಾ ತಂದು ನನ್ನೆದುರೇ ಅದರ ಪಕ್ಕವನ್ನು ಎರಡು ಕಡೆ ಕೊಯ್ದರು. ಯಾಕೆ ಅಂತ ಕೇಳಿದೆ. 'ಬಟನ್ (ರಸ್ತೆಗೆ ತಾಗುವ ಕಡೆಯ ಹಲ್ಲು) ಇನ್ನೂ ಚಂದ ಉಂಟಲ್ಲ, ಹೀಗೇ ಬಿಟ್ಟರೆ ನಾಳೆ ಯಾರಾದರೂ ಸೆಕೆಂಡ್ ಹ್ಯಾಂಡ್ ಅಂತ ಕೊಂಡುಹೋಗಿ ಹಾಕ್ತಾರೆ' ಅಂದರು.