ಮನೆ ಕ್ಲೀನಿಂಗ್ ರೇಟು: ಬಿಎಚ್‌ಕೆ ಲೆಕ್ಕವೋ, ಗಂಟೆ ಲೆಕ್ಕವೋ?

ಬಿಎಚ್‌ಕೆ ಲೆಕ್ಕಕ್ಕೆ, ಅಂದರೆ ಎಷ್ಟು ಬೆಡ್‌ರೂಮ್ ಎಂದು ನೋಡಿ ಹೇಳುವ ಒಟ್ಟು ರೇಟಿಗೆ, ಗಿರಾಕಿಗಳು ಬೇಗ ಒಪ್ಪುತ್ತಾರೆ, ಫೋನಿನಲ್ಲೇ ರೇಟು ಹೇಳಬಹುದು. ಆದರೆ ಪೆಟ್ಟು ಬೀಳುವುದು ಬಾತ್‌ರೂಮಿನಲ್ಲಿ, ಅಲ್ಲಿ ಹೊತ್ತು ಹೆಚ್ಚು ಹಿಡಿದರೂ ರೇಟು ಅಷ್ಟೇ. ಬೋರ್‌ವೆಲ್ ನೀರಿನ ಬಿಳಿ ಕಲೆ ಗಟ್ಟಿಯಾಗಿದ್ದರೆ ಲೀಟರ್ ಬಿಸಿನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕಲಸಿ ಹಚ್ಚಿ, 10 ನಿಮಿಷ ನೆನೆಸಿ, ಉಜ್ಜಿ, ಮತ್ತೆ ಹಚ್ಚಬೇಕು. ಅವಸರಕ್ಕೆ ಟಾಯ್ಲೆಟ್ ಆಸಿಡ್ ಸುರಿದರೆ ನಲ್ಲಿಯ ಹೊಳಪು ಹೋಗುತ್ತದೆ, ಟೈಲ್ಸ್ ಸಂದಿನ ಸಿಮೆಂಟು ಕರಗುತ್ತದೆ. (ಮಾರ್ಬಲ್‌ಗೆ ಎರಡೂ ಬೇಡ.)

ಗಂಟೆ ಲೆಕ್ಕದಲ್ಲಿ ಹೀಗೆ ನೆನೆಸಿ ಉಜ್ಜುವ ಹೊತ್ತಿಗೂ ಕೂಲಿ ಸಿಗುತ್ತದೆ. ಆದರೆ ಬೇಕಂತಲೇ ನಿಧಾನ ಮಾಡುತ್ತಿದ್ದಾರೆ ಎಂಬ ಅನುಮಾನ ಮನೆಯವರಿಗೆ ಬರುತ್ತದೆ. ಪೇಂಟಿಂಗ್ ಆದ ಅಥವಾ ಬಹಳ ಕಾಲ ಮುಚ್ಚಿದ್ದ ಮನೆಗೆ ಇದೇ ಸರಿ. ವಾರವಾರ ಹೋಗುವ ಫ್ಲಾಟಿಗೆ ಬಿಎಚ್‌ಕೆ ರೇಟು ಸಾಕು. ಹೊಸ ಗಿರಾಕಿಗೆ ಅದನ್ನೇ ಹೇಳುವುದಾದರೆ, ಮೊದಲು ನಲ್ಲಿ, ಶವರ್ ಗಾಜು, ಚಿಮಣಿಯ ಫೋಟೊ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಜಿಡ್ಡು ಕಟ್ಟಿದ ಚಿಮಣಿಗೆ ಬೇರೆ ರೇಟು ಹಾಕಿ.