ಚೈನ್, ಒಣ ಬೆಲ್ಟ್, ಆಯಿಲಿನೊಳಗಿನ ಬೆಲ್ಟ್: ಮೂರು ಸಣ್ಣ ಪೆಟ್ರೋಲ್ ಎಂಜಿನ್ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟರ್ಬೊ ಇಲ್ಲದ, ಟೈಮಿಂಗ್ ಚೈನ್ ಇರುವ, ಮೂರು ಸಿಲಿಂಡರಿನ ಒಂದು ಲೀಟರ್ ಎಂಜಿನ್ನಿಗೆ. ಪಿಸ್ಟನ್ನಿನ ಓಟಕ್ಕೆ ಸರಿಯಾಗಿ ವಾಲ್ವುಗಳು ತೆರೆದು ಮುಚ್ಚುವ ಹಾಗೆ ನೋಡಿಕೊಳ್ಳುವುದು ಈ ಟೈಮಿಂಗ್ ಚೈನ್, ಇಲ್ಲವೇ ಅದರ ಜಾಗದಲ್ಲಿ ಬೆಲ್ಟ್. ನನ್ನ ಮೊದಲ ಕಾರು ಅಂಥದ್ದು, ಈಗಿರುವುದೂ ಅಂಥದ್ದೇ. ನಡುವೆ ಎರಡು ವರ್ಷ ಟರ್ಬೊ ಆಸೆಗೆ ಬಿದ್ದಿದ್ದೆ. ಮೂರನೆಯದು ತಮ್ಮನ ಕಾರು. ನಾಲ್ಕು ಸಿಲಿಂಡರ್, 1.2 ಲೀಟರ್, ಆಯಿಲ್ ಸೋಕದ, ಹಳೇ ಕಾಲದ ಒಣ ರಬ್ಬರ್ ಬೆಲ್ಟ್. ಕಾರು ಅವನದು, ಸರ್ವಿಸಿಗೆ ಓಡಾಡುವವನು ನಾನು.

ಎಷ್ಟು ಪವರ್, ಎಷ್ಟು ಟಾರ್ಕ್ ಅನ್ನುವುದೆಲ್ಲ ಕಂಪನಿಯ ಕಾಗದದಲ್ಲೇ ಇರುತ್ತದೆ, ಅದು ಬಿಡಿ.

ಟರ್ಬೊ ಕಾರನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಾಗ ಮೀಟರ್ 40,000 ಕಿ.ಮೀ. ತೋರಿಸುತ್ತಿತ್ತು. ಓಡಿಸಲು ಮಜಾ ಇತ್ತು, ಸುಳ್ಳು ಹೇಳುವುದಿಲ್ಲ. ಏರಿನಲ್ಲಿ ಗೇರ್ ಇಳಿಸದೆ ಹತ್ತುತ್ತಿತ್ತು. ಇದರಲ್ಲಿ ಟೈಮಿಂಗ್ ಬೆಲ್ಟ್ ಎಂಜಿನ್ ಆಯಿಲಿನೊಳಗೇ ಓಡುತ್ತದೆ. ಸದ್ದು ಕಡಿಮೆ, ಘರ್ಷಣೆ ಕಡಿಮೆ ಅನ್ನುವುದು ಇದರ ಹಿಂದಿನ ಲೆಕ್ಕಾಚಾರ. ಇದನ್ನು ಕೊಳ್ಳುವಾಗ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತಿಂಗಳಿಗೊಮ್ಮೆ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಎಳೆದು ನೋಡುವುದು ನನ್ನ ಅಭ್ಯಾಸ. ಒಂದು ಹನಿಯೂ ಇಳಿದಿರುತ್ತಿರಲಿಲ್ಲ. ಒಮ್ಮೊಮ್ಮೆ ಮೇಲಿನ ಗುರುತಿಗಿಂತ ಒಂದು ಕೂದಲೆಳೆ ಜಾಸ್ತಿಯೇ ಕಾಣುತ್ತಿತ್ತು. ಎಂಥಾ ಒಳ್ಳೇ ಎಂಜಿನ್, ಆಯಿಲ್ ಕುಡಿಯುವುದೇ ಇಲ್ಲ ಅಂತ ತಮ್ಮನ ಹತ್ತಿರ ಕೊಚ್ಚಿಕೊಂಡೆ. ಆಯಿಲ್ ತಾನಾಗಿ ಯಾಕೆ ಹೆಚ್ಚುತ್ತದೆ ಅಂತ ಒಂದು ನಿಮಿಷ ಯೋಚಿಸಿದ್ದರೆ ಈ ಬರಹ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬ್ರೇಕ್ ಪೆಡಲ್ ಗಟ್ಟಿಯಾಯಿತು. ಕಾರು ನಿಲ್ಲುತ್ತಿತ್ತು, ಆದರೆ ಕಲ್ಲು ಒತ್ತಿದ ಹಾಗೆ. ಪ್ಯಾಡ್ ಸವೆದಿರಬೇಕು ಅಂದುಕೊಂಡು ಬದಲಿಸಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಎರಡು ವಾರದ ನಂತರ ತಿರುವಿನಲ್ಲಿ ಕೆಂಪು ಆಯಿಲ್ ದೀಪ ಮಿಣುಕಿತು. ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ ಡಿಪ್‌ಸ್ಟಿಕ್ ನೋಡಿದರೆ ಆಯಿಲ್ ಫುಲ್ ಇದೆ! ಸೆನ್ಸರ್ ಹೋಗಿರಬೇಕು ಅಂತ ಮನಸ್ಸು ಹೇಳಿತು. ಆ ಮಾತು ಕೇಳದೆ ಟೋ ಮಾಡಿಸಿದ್ದೊಂದೇ ಆ ಎರಡು ವರ್ಷದಲ್ಲಿ ನಾನು ಮಾಡಿದ ಬುದ್ಧಿವಂತಿಕೆ. ಕೆಂಪು ಆಯಿಲ್ ದೀಪ ಹೇಳುವುದು ಆಯಿಲ್ ಎಷ್ಟಿದೆ ಅಂತ ಅಲ್ಲ, ಆಯಿಲಿಗೆ ಒತ್ತಡ ಇಲ್ಲ ಅಂತ. ಅದು ಹತ್ತಿದ ಮೇಲೆ ಸುಮ್ನೆ ಮನೆವರೆಗೆ ಓಡಿಸಿದರೆ ಬೇರಿಂಗ್‌ಗಳ ಕಥೆ ಮುಗಿದ ಹಾಗೆ.

ಮೆಕ್ಯಾನಿಕ್ ಎಂಜಿನ್ನಿನ ತಳದ ಆಯಿಲ್ ತೊಟ್ಟಿ (ಸಂಪ್) ಬಿಚ್ಚಿ ಕೈಗೆ ಒಂದು ಜಾಲರಿ ಕೊಟ್ಟರು. ಆಯಿಲ್ ಪಂಪ್ ಆಯಿಲನ್ನು ಮೇಲೆಳೆಯುವುದು ಅದರ ಮೂಲಕವೇ. ಪೆನ್ಸಿಲ್ ಗುರುತು ಅಳಿಸಿದಾಗ ರಬ್ಬರಿನ ಸುರುಳಿ ಸುರುಳಿ ಪುಡಿ ಉದುರುತ್ತದಲ್ಲ, ಅದನ್ನು ಆಯಿಲಿನಲ್ಲಿ ಅದ್ದಿ ಒತ್ತಿ ತುಂಬಿದ ಹಾಗಿತ್ತು. ಬೆರಳಲ್ಲಿ ಉಜ್ಜಿದರೆ ಜಿಗುಟು ಜಿಗುಟು. ಅದೇ ಬೆಲ್ಟು. ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರಿಗೆ ವ್ಯಾಕ್ಯೂಮ್ ಕೊಡುವ ಪಂಪಿಗೂ ಇದೇ ಆಯಿಲ್ ಹೋಗುತ್ತದೆ. ಪುಡಿ ಅಲ್ಲೂ ಸೇರಿಕೊಂಡಿತ್ತು. ಪೆಡಲ್ ಗಟ್ಟಿಯಾದದ್ದು ಅದಕ್ಕೆ. ಪ್ಯಾಡ್ ಬದಲಿಸಿದ ದುಡ್ಡು ದಂಡ.

ಈಗ ಡಿಪ್‌ಸ್ಟಿಕ್ ವಿಷಯಕ್ಕೆ ಬರೋಣ. ನನ್ನ ದಿನದ ಓಡಾಟ ಬೆಳಿಗ್ಗೆ ಮೂರು ಕಿ.ಮೀ., ಸಂಜೆ ಮೂರು ಕಿ.ಮೀ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದಾಗ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಸುಡದೆ ಉಳಿದದ್ದು ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಆಯಿಲಿಗೆ ಇಳಿಯುತ್ತದೆ. ದೂರ ಓಡಿಸಿದರೆ ಆಯಿಲ್ ಚೆನ್ನಾಗಿ ಕಾದು ಆ ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ಮೂರು ಕಿ.ಮೀ.ಗೆ ಆಯಿಲ್ ಎಲ್ಲಿ ಕಾಯಬೇಕು? ಹಾಗಾಗಿ ಅಲ್ಲೇ ಉಳಿಯುತ್ತಾ ಬಂತು. ನನ್ನ ಡಿಪ್‌ಸ್ಟಿಕ್‌ನಲ್ಲಿ ಹೆಚ್ಚಾಗಿ ಕಂಡದ್ದು ಪೆಟ್ರೋಲ್. ರಬ್ಬರಿಗೆ ಪೆಟ್ರೋಲ್ ಆಗಿಬರುವುದಿಲ್ಲ. ಬೆಲ್ಟ್ ಊದಿಕೊಂಡು, ಅಂಚು ಬಿರಿದು, ಪುಡಿಯಾಗತೊಡಗಿತ್ತು. ಆ ಎಂಜಿನ್ನಿನಲ್ಲಿ ಆಯಿಲ್ ಹಾಕುವ ಬಾಯಿಯಿಂದಲೇ ಬೆಲ್ಟ್ ಕಾಣುತ್ತದೆ. ಟಾರ್ಚ್ ಬಿಟ್ಟು ನೋಡಿದ್ದರೆ ಆರು ತಿಂಗಳ ಮೊದಲೇ ತಿಳಿಯುತ್ತಿತ್ತೇನೋ. ಹಳೇ ಮಾಲೀಕರು ಬೇರೆ ದರ್ಜೆಯ ಆಯಿಲ್ ಹಾಕಿಸಿದ್ದರೂ ಇದೇ ಗತಿ ಆಗಬಹುದು ಅಂದರು ಮೆಕ್ಯಾನಿಕ್. ಅವರು ಏನು ಹಾಕಿಸಿದ್ದರೋ, ನನ್ನ ಹತ್ತಿರ ಬಿಲ್ ಇರಲಿಲ್ಲ.

ಬೆಲ್ಟ್, ಜಾಲರಿ, ಪಂಪ್ ಎಲ್ಲ ಬದಲಿಸಿದ ಖರ್ಚು ಚೈನ್ ಕಾರಿನ ನಾಲ್ಕು ವರ್ಷದ ಸರ್ವಿಸಿಗಿಂತ ಜಾಸ್ತಿಯಾಯಿತು. ರಿಪೇರಿಯ ಬಿಲ್ಲನ್ನು ಕೈಗಿಟ್ಟು, ಆದದ್ದನ್ನೆಲ್ಲ ಹೇಳಿಯೇ ಮಾರಿದೆ. ತೆಗೆದುಕೊಂಡವರು ದಿನಾ ಹೆದ್ದಾರಿಯಲ್ಲಿ ನೂರು ಕಿ.ಮೀ. ಓಡಿಸುವವರು. ಅವರ ಕೈಯಲ್ಲಿ ಅದು ಚೆನ್ನಾಗಿಯೇ ಇರುತ್ತದೆ ಅಂತ ನನ್ನ ನಂಬಿಕೆ. ಎಂಜಿನ್ ಕೆಟ್ಟದ್ದು ಅನ್ನುವುದಕ್ಕಿಂತ ನನ್ನ ಓಡಾಟಕ್ಕೂ ಅದಕ್ಕೂ ಜಾತಕ ಕೂಡಲಿಲ್ಲ.

ಇನ್ನು ನನ್ನ ಚೈನ್ ಎಂಜಿನ್. ಸಿಗ್ನಲ್ಲಿನಲ್ಲಿ ನಿಂತರೆ ಸ್ಟೀರಿಂಗ್ ನಡುಗುತ್ತದೆ, ಮೂರು ಸಿಲಿಂಡರಿನ ಹಣೆಬರಹ. ನಡುಕ ದಿಢೀರನೆ ಜಾಸ್ತಿಯಾದರೆ ಎಂಜಿನ್ ಮೌಂಟಿಂಗ್ ನೋಡಿಸಬೇಕು. ಏಸಿ ಹಾಕಿ ಏರು ಹತ್ತುವಾಗ ಎರಡನೇ ಗೇರಿಗೆ ಇಳಿಯಲೇಬೇಕು. ಪೆಟ್ರೋಲ್ ಇದರಲ್ಲೂ ಆಯಿಲಿಗೆ ಇಳಿಯುತ್ತದೆ, ಆದರೆ ಅಲ್ಲಿ ಕರಗಲು ರಬ್ಬರ್ ಬೆಲ್ಟ್ ಇಲ್ಲ. ಆಯಿಲ್ ಬೇಗ ಹಾಳಾಗುತ್ತದೆ, ಅಷ್ಟೇ.

ಹಾಗಂತ ಚೈನ್ ಚಿರಂಜೀವಿಯಲ್ಲ. ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಆಯಿಲಿನ ಒತ್ತಡದಿಂದ. ಕೊಳಕು ಆಯಿಲಿನಲ್ಲೇ ವರ್ಷಗಟ್ಟಲೆ ಓಡಿಸಿದರೆ ಚೈನ್ ಸವೆದು ಉದ್ದವಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕರಕರ ಸದ್ದು ಬಂದು ನಿಂತರೆ ಅದೇ ಮೊದಲ ಸೂಚನೆ. ಆಯಿಲ್ ಬದಲಿಸಲು ಪುಸ್ತಕದಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ ಅಂತ ಇದೆ. ನಾನು ಕಿಲೋಮೀಟರ್ ನೋಡದೆ ಆರು ತಿಂಗಳಿಗೆ ಬದಲಿಸುತ್ತೇನೆ. ಮೂರು ಲೀಟರ್ ಆಯಿಲ್, ಒಂದು ಫಿಲ್ಟರ್, ಅರ್ಧ ಗಂಟೆ ಕೆಲಸ. ನನಗದು ಭಾರ ಅನಿಸಿಲ್ಲ.

ದಾರಿಯಲ್ಲಿ ಕೈಕೊಟ್ಟದ್ದು ಒಮ್ಮೆ ಮಾತ್ರ. ಎಂಜಿನ್ ಮಿಸ್ ಹೊಡೆಯತೊಡಗಿತು, ಅಂದರೆ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಸುಡುತ್ತಿರಲಿಲ್ಲ, ಚೆಕ್ ಎಂಜಿನ್ ದೀಪ ಮಿನುಗಿತು. ದೀಪ ಸುಮ್ಮನೆ ಹತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಮಿನುಗಿದರೆ ನಿಲ್ಲಿಸಬೇಕು, ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೇ ಸುಟ್ಟುಬಿಡುತ್ತದೆ. ಸ್ಕ್ಯಾನರ್ ಪಿ0302 ತೋರಿಸಿತು, ಅಂದರೆ ಎರಡನೇ ಸಿಲಿಂಡರ್. ಎರಡನೆಯದರ ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲನ್ನು ಮೂರನೆಯದಕ್ಕೆ ಅದಲುಬದಲು ಮಾಡಿ, ಕೋಡ್ ಅಳಿಸಿ, ಮತ್ತೆ ಸ್ಟಾರ್ಟ್ ಮಾಡಿದೆ. ಕೋಡ್ ಪಿ0303 ಆಯಿತು. ಕಳ್ಳ ಸಿಕ್ಕಿಬಿದ್ದ. ಒಂದು ಬೋಲ್ಟ್, ಒಂದು ಕನೆಕ್ಟರ್, ಹೊಸ ಕಾಯಿಲ್, ಮುಗಿಯಿತು.

ತಮ್ಮನ ನಾಲ್ಕು ಸಿಲಿಂಡರ್ ಈ ಮೂರು ಎಂಜಿನ್ನುಗಳಲ್ಲಿ ಎಲ್ಲಕ್ಕಿಂತ ನಯ. ನಿಂತಾಗ ಎಂಜಿನ್ ಓಡುತ್ತಿದೆಯೋ ಇಲ್ಲವೋ ಅಂತ ಮೀಟರ್ ನೋಡಬೇಕು. ಒಣ ಬೆಲ್ಟಿನದು ಒಂದೇ ಷರತ್ತು: ಹೇಳಿದ ಹೊತ್ತಿಗೆ ಬದಲಿಸಬೇಕು. ಓಡದೆ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಆದ್ದರಿಂದ ವರ್ಷದ ಲೆಕ್ಕವೂ ಇರಲಿ. ವಾಟರ್ ಪಂಪನ್ನೂ ಆ ಬೆಲ್ಟೇ ತಿರುಗಿಸುತ್ತಿದ್ದರೆ ಜೊತೆಗೇ ಬದಲಿಸಿ, ಇಲ್ಲದಿದ್ದರೆ ಆಮೇಲೆ ಅದೇ ಕೂಲಿ ಎರಡನೇ ಸಲ. ಮರೆತು ಬೆಲ್ಟ್ ತುಂಡಾದರೆ ಇಂಥ ಹೆಚ್ಚಿನ ಎಂಜಿನ್ನುಗಳಲ್ಲಿ ಪಿಸ್ಟನ್ ಬಂದು ವಾಲ್ವಿಗೆ ಹೊಡೆಯುತ್ತದೆ. ಆಮೇಲೆ ಎಂಜಿನ್ನಿನ ಮೇಲ್ಭಾಗ (ಹೆಡ್) ಬಿಚ್ಚದೆ ಬೇರೆ ದಾರಿಯಿಲ್ಲ. ತಮ್ಮ ಮರೆಗುಳಿ, ನಾನು ಬಾನೆಟ್ ಒಳಗೆ ತಾರೀಖು ಬರೆದು ಅಂಟಿಸಿದ್ದೇನೆ.

ತಾರೀಖು ನೆನಪಿಡುವವರಾದರೆ ಒಣ ಬೆಲ್ಟ್ ಧಾರಾಳವಾಗಿ ತೆಗೆದುಕೊಳ್ಳಿ. ದಿನಾ ದೂರ ಓಡಿಸುವವರು, ಏರಿನಲ್ಲಿ ದಮ್ಮು ಬೇಕು ಅನ್ನುವವರು, ಸರಿಯಾದ ಆಯಿಲ್ ಹಾಕಿಸಿದ ಬಿಲ್ಲುಗಳೆಲ್ಲ ಸಿಕ್ಕರೆ ಮಾತ್ರ ಟರ್ಬೊ ನೋಡಿ. ನನ್ನ ಹಾಗೆ ಮೂರು ಕಿ.ಮೀ.ಗೆ ಕಾರು ತೆಗೆಯುವವರಿಗೆ, ಒಂದೇ ಕಾರನ್ನು ಹತ್ತು ವರ್ಷ ಎಳೆಯುವವರಿಗೆ ಚೈನ್ ಸಾಕು. ಆಯಿಲ್ ಈಗಲೂ ತಿಂಗಳಿಗೊಮ್ಮೆ ನೋಡುತ್ತೇನೆ. ಆದರೆ ಈಗ ಡಿಪ್‌ಸ್ಟಿಕ್ ಒರೆಸುವ ಮೊದಲು ಮೂಗಿನ ಹತ್ತಿರ ಹಿಡಿದು ಪೆಟ್ರೋಲ್ ವಾಸನೆ ಇದೆಯಾ ಅಂತ ನೋಡುವುದೂ ಸೇರಿಕೊಂಡಿದೆ.