ದಾನವಾಗಿ ಬಂದ ಸೌರ ಫಲಕಗಳಿಗೆ ಯಾವ ಕಂಟ್ರೋಲರ್, ಯಾವ ಬ್ಯಾಟರಿ?

ಕಟ್ಟಡವೊಂದರ ಚಾವಣಿಯಿಂದ ಇಳಿಸಿದ್ದ ಎರಡು ಹಳೆಯ ಸೌರ ಫಲಕಗಳು ಪರಿಚಿತರ ಕೈಯಿಂದ ನನಗೆ ಉಚಿತವಾಗಿ ದೊರೆತಾಗ, ಅವುಗಳಿಂದ ಬ್ಯಾಟರಿಯನ್ನು ಚಾರ್ಜ್ ಮಾಡುವ ಬಗೆ ನನಗೆ ತಿಳಿದಿರಲಿಲ್ಲ. ಅಲ್ಲಿಂದ ಮುಂದಿನ ಕೆಲವು ತಿಂಗಳು ಅದೇ ಫಲಕಗಳಿಗೆ ಎರಡು ಬಗೆಯ ಚಾರ್ಜ್ ಕಂಟ್ರೋಲರ್‌ಗಳನ್ನೂ (ಫಲಕಕ್ಕೂ ಬ್ಯಾಟರಿಗೂ ನಡುವೆ ನಿಂತು ಚಾರ್ಜನ್ನು ನಿಯಂತ್ರಿಸುವ ಸಾಧನ) ಎರಡು ಬಗೆಯ 12 ವೋಲ್ಟ್ ಬ್ಯಾಟರಿಗಳನ್ನೂ ಅದಲುಬದಲು ಜೋಡಿಸಿ, ಪ್ರತಿ ಸಲವೂ ಅಳೆದು ಬರೆದಿಟ್ಟುಕೊಂಡೆ. ಆ ಟಿಪ್ಪಣಿಗಳನ್ನು ಆಧರಿಸಿದ ಹೋಲಿಕೆ ಇದು.

ಕಂಟ್ರೋಲರ್ ಆರಿಸುವ ಮೊದಲು ಕೈಯಲ್ಲಿರುವ ಫಲಕ ಯಾವುದೆಂದು ತಿಳಿಯಬೇಕು. ದೊಡ್ಡ ಫಲಕದ ಹಿಂಬದಿಯ ಚೀಟಿ ಬಿಸಿಲಿಗೆ ಬಿಳಿಚಿಕೊಂಡು ಒಂದಕ್ಷರವೂ ಓದಲು ಬರುತ್ತಿರಲಿಲ್ಲವಾದ್ದರಿಂದ, ಗಾಜಿನಡಿಯ ಕೋಶಗಳನ್ನು ಎಣಿಸಿದೆ: ದೊಡ್ಡದರಲ್ಲಿ 60, ಚಿಕ್ಕದರಲ್ಲಿ 36. ಸಿಲಿಕಾನ್ ಕೋಶವೊಂದು ಏನನ್ನೂ ಜೋಡಿಸದಿದ್ದಾಗ ಸುಮಾರು 0.6 ವೋಲ್ಟ್, ಕೆಲಸ ಮಾಡುವಾಗ ಸುಮಾರು 0.5 ವೋಲ್ಟ್ ಕೊಡುತ್ತದೆ. ಹಾಗಾಗಿ ಎಣಿಕೆಯೊಂದೇ ಫಲಕದ ವೋಲ್ಟೇಜನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ. (ಅರ್ಧಕ್ಕೆ ಕತ್ತರಿಸಿದ ಕೋಶಗಳಿರುವ ಹೊಸ ಫಲಕಗಳಿಗೆ ಈ ಲೆಕ್ಕ ಹೊಂದುವುದಿಲ್ಲ.) ಮಲ್ಟಿಮೀಟರ್ ಹಚ್ಚಿದಾಗ ದೊಡ್ಡದು 36.4 ವೋಲ್ಟ್, ಚಿಕ್ಕದು 20.8 ವೋಲ್ಟ್ ತೋರಿಸಿದವು. ದೊಡ್ಡದು 24 ವೋಲ್ಟಿನ ಆಸುಪಾಸಿನಲ್ಲಿ ನಿಂತಿದ್ದರೆ, ಅದರ ಮೂರು ಬೈಪಾಸ್ ಡಯೋಡುಗಳಲ್ಲಿ (ನೆರಳು ಬಿದ್ದ ಕೋಶಗಳನ್ನು ಬಿಟ್ಟು ವಿದ್ಯುತ್ ಪಕ್ಕದಿಂದ ಹರಿಯಲೆಂದು ಇರುವ ಬಿಡಿಭಾಗ) ಒಂದು ಶಾರ್ಟ್ ಆಗಿ ಮೂರನೇ ಒಂದು ಪಾಲು ಕೋಶಗಳು ಕೆಲಸಕ್ಕೆ ಬಾರದಂತಾಗಿರುವ ಶಂಕೆ ಮೂಡುತ್ತಿತ್ತು. ತಂತಿಗಳನ್ನು ಜೋಡಿಸುವಾಗಲೂ ಬಿಡಿಸುವಾಗಲೂ ನಾನು ಫಲಕದ ಮೇಲೆ ದಪ್ಪ ಬಟ್ಟೆ ಹೊದಿಸುತ್ತೇನೆ. ಬೆಳಕು ಬೀಳುತ್ತಿರುವಷ್ಟು ಹೊತ್ತೂ ಫಲಕದಲ್ಲಿ ವಿದ್ಯುತ್ ಇದ್ದೇ ಇರುತ್ತದೆ, ನೇರ ವಿದ್ಯುತ್ತಿನ ಕಿಡಿಯಂತೂ ಒಮ್ಮೆ ಹೊತ್ತಿದರೆ ಸುಲಭವಾಗಿ ಆರುವುದಿಲ್ಲ.

ಈಗ ಕಂಟ್ರೋಲರ್‌ಗಳ ವಿಷಯಕ್ಕೆ ಬರುತ್ತೇನೆ. ಪಿಡಬ್ಲ್ಯುಎಂ ಎಂಬ ಬಗೆಯದು ಫಲಕವನ್ನು ನೇರವಾಗಿ ಬ್ಯಾಟರಿಗೆ ಸೇರಿಸಿ, ಬ್ಯಾಟರಿ ತುಂಬುತ್ತ ಬಂದಂತೆ ಆ ಸಂಪರ್ಕವನ್ನು ಕ್ಷಿಪ್ರವಾಗಿ ಕಡಿದು ಕೂಡಿಸುತ್ತ ಹೋಗುತ್ತದೆ. ಹಾಗಾಗಿ ಫಲಕದ ವೋಲ್ಟೇಜ್ ಬ್ಯಾಟರಿಯ ಮಟ್ಟಕ್ಕೆ ಇಳಿಯಲೇಬೇಕು. ಎಂಪಿಪಿಟಿ ಬಗೆಯದು ಫಲಕವನ್ನು ಅತಿ ಹೆಚ್ಚು ವ್ಯಾಟ್ ಹೊಮ್ಮುವ ವೋಲ್ಟೇಜಿನಲ್ಲಿಯೇ ಇರಗೊಟ್ಟು, ಹೆಚ್ಚಿನ ವೋಲ್ಟೇಜನ್ನು ಹೆಚ್ಚಿನ ಆಂಪಿಯರ್ ಆಗಿ ಮಾರ್ಪಡಿಸಿ ಬ್ಯಾಟರಿಗೆ ಕೊಡುತ್ತದೆ. ನಿರ್ಮಲವಾದ ಆಕಾಶವಿದ್ದ ಒಂದು ಮಧ್ಯಾಹ್ನ 60 ಕೋಶಗಳ ಫಲಕದಿಂದ ಪಿಡಬ್ಲ್ಯುಎಂ ಮೂಲಕ ಬ್ಯಾಟರಿಗೆ ಬಂದದ್ದು 13.1 ವೋಲ್ಟಿನಲ್ಲಿ 7.6 ಆಂಪಿಯರ್, ಅಂದರೆ ಸುಮಾರು 100 ವ್ಯಾಟ್. ಹತ್ತು ನಿಮಿಷದೊಳಗೆ ಎಂಪಿಪಿಟಿಗೆ ಬದಲಾಯಿಸಿದಾಗ ಅದೇ ಫಲಕ 28.6 ವೋಲ್ಟಿನಲ್ಲಿ ನಿಂತು, ಬ್ಯಾಟರಿಗೆ 15 ಆಂಪಿಯರ್‌ಗಿಂತ ತುಸು ಹೆಚ್ಚು, ಅಂದರೆ ಸುಮಾರು 199 ವ್ಯಾಟ್ ಹರಿಯಿತು. ಅದೇ ಬಿಸಿಲು, ಅದೇ ಫಲಕ, ಫಲ ಮಾತ್ರ ಎರಡರಷ್ಟು.

36 ಕೋಶಗಳ ಫಲಕದ ಕಥೆ ಬೇರೆಯಾಗಿತ್ತು. ಅದು ಹುಟ್ಟಿರುವುದೇ 12 ವೋಲ್ಟ್ ಬ್ಯಾಟರಿಗಾಗಿ. ಬಿಸಿಲಿಗೆ ಕಾದಾಗ ಫಲಕದ ವೋಲ್ಟೇಜ್ ಇನ್ನಷ್ಟು ಇಳಿದು ಬ್ಯಾಟರಿಯ ವೋಲ್ಟೇಜಿಗೆ ಹತ್ತಿರವಾಗುವುದರಿಂದ ಎಂಪಿಪಿಟಿಗೆ ಗಳಿಸಿಕೊಡಲು ಹೆಚ್ಚೇನೂ ಉಳಿಯುವುದಿಲ್ಲ. ನನ್ನ ಅಳತೆಯಲ್ಲಿ ಪಿಡಬ್ಲ್ಯುಎಂಗೆ 65 ವ್ಯಾಟ್, ಎಂಪಿಪಿಟಿಗೆ 72 ವ್ಯಾಟ್ ಬಂದವು. ಇಷ್ಟು ಅಂತರಕ್ಕಾಗಿ ದುಬಾರಿ ಕಂಟ್ರೋಲರ್ ಕೊಳ್ಳುವ ಅಗತ್ಯವಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಚಾವಣಿಗಳಿಂದ ಇಳಿದು ಬರುವ ಫಲಕಗಳು ಹೆಚ್ಚಾಗಿ 60 ಅಥವಾ 72 ಕೋಶಗಳವೇ ಆಗಿರುವುದರಿಂದ, ಅಂಥದನ್ನು ಪಡೆದವರು ಪಿಡಬ್ಲ್ಯುಎಂ ಹಾಕಿದರೆ ಬಂದ ದಾನದ ಅರ್ಧವನ್ನು ಬಿಸಿಲಿಗೇ ಹಿಂದಿರುಗಿಸಿದಂತೆ. ಎಂಪಿಪಿಟಿ ಕೊಳ್ಳುವಾಗ ಅದು ತಾಳುವ ಗರಿಷ್ಠ ವೋಲ್ಟೇಜನ್ನು ಮಾತ್ರ ತಪ್ಪದೆ ನೋಡಬೇಕು. ಚಳಿಯ ಮುಂಜಾನೆಗಳಲ್ಲಿ ಫಲಕದ ವೋಲ್ಟೇಜ್ ಏರುತ್ತದೆಯಾದ್ದರಿಂದ ಅಂಚಿಗೆ ಅಂಟಿಕೊಂಡ ಲೆಕ್ಕ ಸಾಲದು.

ನಾನು ಮೊದಲು ಕೊಂಡ ಕಂಟ್ರೋಲರ್ ಮೇಲೆ ಎಂಪಿಪಿಟಿ ಎಂದು ದೊಡ್ಡದಾಗಿ ಮುದ್ರಿಸಿತ್ತು. ಆದರೆ ಚಾರ್ಜ್ ಆಗುತ್ತಿರುವಾಗ ಫಲಕದ ತಂತಿಗಳ ಬಳಿ ಅಳೆದರೆ 28 ವೋಲ್ಟ್ ಇರಬೇಕಾದಲ್ಲಿ 13.5 ವೋಲ್ಟ್ ಕಂಡಿತು, ಒಳಗಿದ್ದದ್ದು ಪಿಡಬ್ಲ್ಯುಎಂ. ಹೆಸರನ್ನು ನಂಬದೆ ಈ ಒಂದು ಅಳತೆಯನ್ನು ಮಾಡಿ ನೋಡುವುದು ಒಳ್ಳೆಯದು.

ಅದೇ ಕಂಟ್ರೋಲರ್‌ನಿಂದ ಇನ್ನೊಂದು ಪಾಠವೂ ಆಯಿತು. ಬ್ಯಾಟರಿಗಿಂತ ಮೊದಲು ಫಲಕವನ್ನು ಜೋಡಿಸಿದ್ದರಿಂದ, ಅದು 36 ವೋಲ್ಟ್ ಕಂಡು ವ್ಯವಸ್ಥೆಯನ್ನು 24 ವೋಲ್ಟಿನದೆಂದು ಗ್ರಹಿಸಿ, ನಿಲ್ಲಿಸಬೇಕಾದ ಮಟ್ಟವನ್ನು ದಾಟಿಯೂ ಚಾರ್ಜ್ ಮಾಡುತ್ತಲೇ ಹೋಯಿತು. ಲೆಡ್ ಆಸಿಡ್ ಬ್ಯಾಟರಿಯ ಮುಚ್ಚಳಗಳ ಕೆಳಗಿನಿಂದ ಎಡೆಬಿಡದೆ ಗುಳುಗುಳು ಸದ್ದು ಬರುತ್ತಿತ್ತು, ಮೀಟರ್ 15.3 ವೋಲ್ಟ್ ತೋರಿಸುತ್ತಿತ್ತು. ಮೂಗಿಗೆ ಆಮ್ಲದ ಘಾಟು ಬಡಿಯಿತು. ಆ ಗುಳ್ಳೆಗಳು ಹೈಡ್ರೋಜನ್ ಮತ್ತು ಆಮ್ಲಜನಕದವು, ಒಂದು ಕಿಡಿ ಸಾಕು ಸಿಡಿಯಲು. ಫಲಕಕ್ಕೆ ಬಟ್ಟೆ ಹೊದಿಸಿ ಕಿಟಕಿಗಳನ್ನೆಲ್ಲ ತೆರೆದೆ. ಅಂದಿನಿಂದ ಜೋಡಿಸುವಾಗ ಮೊದಲು ಬ್ಯಾಟರಿ ಆಮೇಲೆ ಫಲಕ, ಬಿಡಿಸುವಾಗ ಮೊದಲು ಫಲಕ ಆಮೇಲೆ ಬ್ಯಾಟರಿ ಎಂಬ ಕ್ರಮವನ್ನು ಒಮ್ಮೆಯೂ ಮೀರಿಲ್ಲ.

ಎರಡೂ ಫಲಕಗಳನ್ನು ಸೇರಿಸಿ ಒಂದೇ ಕಂಟ್ರೋಲರ್‌ಗೆ ಕೊಡುವುದನ್ನೂ ಪ್ರಯತ್ನಿಸಿದೆ. ಸರಣಿಯಲ್ಲಿ ಜೋಡಿಸಿದರೆ ದೊಡ್ಡದರ ಆಂಪಿಯರ್ ಚಿಕ್ಕದರ ಮಟ್ಟಕ್ಕೆ ಇಳಿಯಿತು, ಸಮಾನಾಂತರವಾಗಿ ಜೋಡಿಸಿದರೆ ದೊಡ್ಡದರ ವೋಲ್ಟೇಜ್ ಚಿಕ್ಕದರ ಮಟ್ಟಕ್ಕೆ ಇಳಿಯಿತು. ಹೊಂದಿಕೆಯಾಗದ ಫಲಕಗಳಿಗೆ ಬೇರೆಬೇರೆ ಕಂಟ್ರೋಲರ್ ಇರುವುದೇ ಸರಿ.

ಬ್ಯಾಟರಿಗಳ ಹೋಲಿಕೆ ನನ್ನನ್ನು ಹೆಚ್ಚು ದಿನ ಹಿಡಿದಿಟ್ಟಿತು. ಎರಡೂ 100 ಆಂಪಿಯರ್ ಅವರ್ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಸಾಮರ್ಥ್ಯದವು: ಒಂದು ನೀರು ಹಾಕುವ ಲೆಡ್ ಆಸಿಡ್, ಇನ್ನೊಂದು ಲಿಥಿಯಂ ಐರನ್ ಫಾಸ್ಫೇಟ್. ಎರಡನ್ನೂ ಅರ್ಧಕ್ಕೆ ಖಾಲಿ ಮಾಡಿ ಬೇರೆಬೇರೆ ದಿನ ಒಂದೇ ಬಗೆಯ ಬಿಸಿಲಿನಲ್ಲಿ ದೊಡ್ಡ ಫಲಕಕ್ಕೆ ಜೋಡಿಸಿದೆ. ಲೆಡ್ ಆಸಿಡ್ ಬೆಳಿಗ್ಗೆ ಕೊಟ್ಟದ್ದನ್ನೆಲ್ಲ ತೆಗೆದುಕೊಂಡಿತು, 14.4 ವೋಲ್ಟ್ ಮುಟ್ಟಿದ ಮೇಲೆ ಮಾತ್ರ ಬಿಸಿಲು ಸುಡುತ್ತಿದ್ದರೂ 15 ಆಂಪಿಯರ್ 9ಕ್ಕೆ, ಆಮೇಲೆ 4ಕ್ಕೆ ಇಳಿಯಿತು. ಕೊನೆಯ ಪಾಲು ತುಂಬಲು ಗಂಟೆಗಟ್ಟಲೆ ಬೇಕು, ಆ ಹೊತ್ತಿನಲ್ಲಿ ಫಲಕ ಕೊಡಬಹುದಾಗಿದ್ದ ಬಹುಪಾಲು ವಿದ್ಯುತ್ತಿಗೆ ಹೋಗಲು ಜಾಗವಿಲ್ಲ. ಲಿಥಿಯಂ ಬ್ಯಾಟರಿ ತುಂಬುವ ಹಂತದವರೆಗೂ ಪೂರ್ಣ ಆಂಪಿಯರನ್ನೇ ತೆಗೆದುಕೊಂಡು, ಮಧ್ಯಾಹ್ನ ಕಳೆಯುವುದರೊಳಗೆ ಮುಗಿಸಿತು.

ಸತತ ನಾಲ್ಕು ದಿನ ಮೋಡ ಕವಿದಾಗ ಈ ವ್ಯತ್ಯಾಸದ ಬೆಲೆ ಅರಿವಾಯಿತು. ಅರೆಬರೆ ತುಂಬಿದ ಸ್ಥಿತಿಯಲ್ಲೇ ಬಿಟ್ಟರೆ ಲೆಡ್ ಆಸಿಡ್ ಬ್ಯಾಟರಿಯ ತಗಡುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಡುಸಾಗುತ್ತದೆ, ಸಾಮರ್ಥ್ಯ ಕುಗ್ಗುತ್ತದೆ. ಲಿಥಿಯಂಗೆ ಅರ್ಧ ತುಂಬಿರುವುದರಿಂದ ಯಾವ ತೊಂದರೆಯೂ ಇಲ್ಲ. ಬಾಳಿಕೆಯಲ್ಲಿಯೂ ಲಿಥಿಯಂನದೇ ಮೇಲುಗೈ. ಸಾವಿರಾರು ಸಲ ಚಾರ್ಜ್ ಮಾಡಬಹುದು, ತೂಕವೂ ಅರ್ಧಕ್ಕಿಂತ ಕಡಿಮೆ.

ಹಾಗೆಂದು ಕಲಿಯುವವರಿಗೆ ಲಿಥಿಯಂ ಸುಲಭವೆಂದು ಹೇಳಲಾರೆ. ಲೆಡ್ ಆಸಿಡ್ ಬ್ಯಾಟರಿಯನ್ನು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು ವೋಲ್ಟೇಜ್ ನೋಡಿದರೆ ಎಷ್ಟು ತುಂಬಿದೆಯೆಂದು ಅಂದಾಜಿಸಬಹುದು: 12.7 ವೋಲ್ಟ್ ಇದ್ದರೆ ಪೂರ್ತಿ, 12.2ರ ಹತ್ತಿರವಿದ್ದರೆ ಅರ್ಧ. ಲಿಥಿಯಂ ಅರ್ಧ ತುಂಬಿದ್ದರೂ ಮುಕ್ಕಾಲು ತುಂಬಿದ್ದರೂ ಬಹುತೇಕ 13.2ರ ಆಚೀಚೆಯೇ ಇರುತ್ತದೆ. ಹರಿದ ಆಂಪಿಯರ್‌ಗಳನ್ನು ಎಣಿಸುವ ಮೀಟರ್ ಇಲ್ಲದೆ ಏನೂ ತಿಳಿಯುವುದಿಲ್ಲ. ಪೂರ್ತಿ ಬರಿದಾದಾಗ ಅದರ ಒಳಗಿನ ರಕ್ಷಣಾ ಸರ್ಕ್ಯೂಟ್ ಸಂಪರ್ಕವನ್ನೇ ಕಡಿದುಬಿಡುತ್ತದೆ. ಒಂದು ಬೆಳಿಗ್ಗೆ ನನ್ನ ಕಂಟ್ರೋಲರ್ ಬ್ಯಾಟರಿಯೇ ಇಲ್ಲವೆಂದು ಭಾವಿಸಿ ಚಾರ್ಜ್ ಮಾಡಲು ನಿರಾಕರಿಸಿತು. ಲಿಥಿಯಂ ಚಾರ್ಜರ್ ಹಚ್ಚಿ ಎಬ್ಬಿಸಬೇಕಾಯಿತು. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಲೇಬಾರದು. ಕಂಟ್ರೋಲರ್‌ನಲ್ಲಿ ಲೆಡ್ ಆಸಿಡ್‌ಗೆಂದು ಇರುವ ಈಕ್ವಲೈಸ್ ಹಂತವನ್ನೂ (ಬೇಕೆಂದೇ ಹೆಚ್ಚಿನ ವೋಲ್ಟೇಜಿನಲ್ಲಿ ಚಾರ್ಜ್ ಮಾಡುವುದು) ತಾಪಮಾನಕ್ಕೆ ತಕ್ಕಂತೆ ವೋಲ್ಟೇಜ್ ಬದಲಿಸುವ ಹೊಂದಾಣಿಕೆಯನ್ನೂ ಲಿಥಿಯಂ ಬಳಸುವಾಗ ಆಫ್ ಮಾಡಬೇಕು. ಫ್ಯೂಸ್ ಎರಡಕ್ಕೂ ಕಡ್ಡಾಯ, ಅದೂ ಬ್ಯಾಟರಿಯ ಪಾಸಿಟಿವ್ ತುದಿಗೆ ಆದಷ್ಟು ಸಮೀಪದಲ್ಲಿ.

ಈಗ ದೊಡ್ಡ ಫಲಕವನ್ನು ಎಂಪಿಪಿಟಿ ಮೂಲಕ ಲಿಥಿಯಂಗೆ ಜೋಡಿಸಿ ದಿನನಿತ್ಯದ ದೀಪ, ಫ್ಯಾನುಗಳಿಗೆ ಬಳಸುತ್ತಿದ್ದೇನೆ. ಸದಾ ತುಂಬಿರಬೇಕೆನ್ನುವ ಲೆಡ್ ಆಸಿಡ್ ಬ್ಯಾಟರಿ ಚಿಕ್ಕ ಫಲಕ ಮತ್ತು ಪಿಡಬ್ಲ್ಯುಎಂ ಜೊತೆ ತುರ್ತಿನ ಸಮಯಕ್ಕೆಂದು ಬೇರೆಯೇ ನಿಂತಿದೆ. ತಿಂಗಳಿಗೊಮ್ಮೆ ಮುಚ್ಚಳ ತೆಗೆದು, ತಗಡುಗಳು ಮುಳುಗಿವೆಯೇ ಎಂದು ನೋಡಿ, ಬೇಕಾದಷ್ಟು ಡಿಸ್ಟಿಲ್ಡ್ ವಾಟರ್ ಹಾಕುತ್ತೇನೆ.